ಬೋರ್‌ಗೆ ಬಂದ ಇಂಜಿನ್ನು

ಸಾಣೆಯಕ್ಕನ ವ್ಯಾನು ಬೀದಿಗೆ ತಿರುಗಿತು ಅಂತ ತಿಳಿಯಲು ಯಾರೂ ಕಿಟಕಿಯಿಂದ ಇಣುಕಬೇಕಾಗಿರಲಿಲ್ಲ. ಮೊದಲು ಗುರ್ರ್ ಎಂಬ ಸದ್ದು, ಆಮೇಲೆ ಸುಟ್ಟ ಎಣ್ಣೆಯ ವಾಸನೆ, ಅದರ ಬೆನ್ನಿಗೇ ಅಕ್ಕನ ಗಂಟಲು: "ಚಾಕೂ, ಕತ್ತರೀ, ಮೊಂಡಾದದ್ದೆಲ್ಲಾ ತನ್ನಿ! ಮೊಂಡು ಗಂಡಂದಿರನ್ನ ಮಾತ್ರ ಮನೇಲೇ ಬಿಟ್ಟು ಬನ್ನಿ!" ಮೂವತ್ತು ವರ್ಷದಿಂದ ಅದೇ ಕೂಗು, ಅದೇ ತಮಾಷೆ. ಕೇಳಿ ಕೇಳಿ ಜನರಿಗೆ ಬಾಯಿಪಾಠವಾಗಿತ್ತು, ಆದರೂ ನಗುತ್ತಿದ್ದರು. ಅಕ್ಕ ಹೇಳುವ ಧಾಟಿಯೇ ಹಾಗೆ.

ವ್ಯಾನಿನ ಹಿಂಬಾಗಿಲು ತೆರೆದರೆ ಒಳಗೆ ಊಟದ ತಟ್ಟೆಯಷ್ಟು ಅಗಲದ ಸಾಣೆಕಲ್ಲು. ಅದು ತಿರುಗುವುದು ಕರೆಂಟಿನಿಂದಲ್ಲ, ಕಾಲಿನಿಂದ ತುಳಿದೂ ಅಲ್ಲ, ವ್ಯಾನಿನ ಇಂಜಿನ್ನಿಂದಲೇ. ಗಾಡಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಇಂಜಿನ್ನನ್ನು ಅದರ ಪಾಡಿಗೆ ಓಡಲು ಬಿಟ್ಟು, ಅಕ್ಕ ಹಿಂದಕ್ಕೆ ಬಂದು ಒಂದು ಕಬ್ಬಿಣದ ಹಿಡಿ ಎಳೆದಳೆಂದರೆ ಬೆಲ್ಟು ಬಿಗಿಯಾಗಿ ಕಲ್ಲು ಸುತ್ತಲು ಶುರು. ಇದು ಅಕ್ಕನ ಅಪ್ಪ ತಲೆ ಓಡಿಸಿ ಮಾಡಿಸಿದ್ದ ಏರ್ಪಾಡು. ಇದರ ಗುಟ್ಟೆಲ್ಲಾ ಇರುವುದು ನಿಧಾನದಲ್ಲಿ. ಇಂಜಿನ್ನು ಒಂದೇ ಸಮನೆ, ಸಾವಕಾಶವಾಗಿ ಓಡಬೇಕು. ಕೊಂಚ ಜೋರಾದರೂ ಕಲ್ಲು ಉಕ್ಕನ್ನು ಸುಡುತ್ತದೆ, ಅಲಗಿನ ಅಂಚು ನೀಲಿಗಟ್ಟುತ್ತದೆ, ಹದ ಹೋಗುತ್ತದೆ. ಹದ ಹೋದ ಚಾಕು ಎರಡು ದಿನ ಮೆರೆದು ಮೂರನೇ ದಿನ ಟೊಮೆಟೊ ಮುಂದೆ ಸೋಲುತ್ತದೆ.

ಅಕ್ಕನ ಗಂಡ ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದವ. ಅಚ್ಚಾಗುವ ಮುಂಚೆ ಹಾಳೆಯಲ್ಲಿರುವ ಕಾಗುಣಿತದ ತಪ್ಪನ್ನೆಲ್ಲಾ ಕೆಂಪು ಪೆನ್ಸಿಲ್ಲಿನಿಂದ ಹೆಕ್ಕಿ ತೆಗೆಯುವುದು ಅವನ ಕಸುಬು. ನಿವೃತ್ತನಾಗಿ ಮೂರು ವರ್ಷವಾದರೂ ಪೆನ್ಸಿಲ್ಲು ಕಿವಿಯ ಮೇಲಿಂದ ಇಳಿದಿರಲಿಲ್ಲ. ಔಷಧಿ ಚೀಟಿ, ಮದುವೆ ಕಾಗದ, ಸೋಪಿನ ಪೊಟ್ಟಣ, ಯಾವುದು ಸಿಕ್ಕಿದರೂ ತಿದ್ದುತ್ತಿದ್ದ. ಅಕ್ಕ ಊರಿಗೆಲ್ಲಾ ಅಕ್ಕನಾದ್ದರಿಂದ ಅವನು ಊರಿಗೆಲ್ಲಾ ಭಾವ. ಕರಡು ಹೋಗಿ ಕರಡಿಯಾಗಿ, ಕಡ್ಡಿಯಂತಿದ್ದ ಆ ಮನುಷ್ಯನನ್ನು ಎಲ್ಲರೂ ಕರಡಿ ಭಾವ ಅಂತಲೇ ಕರೆಯುತ್ತಿದ್ದರು. "ಅದು ಡಕಾರಕ್ಕೆ ಉಕಾರ, ಇಕಾರ ಅಲ್ಲ" ಅಂತ ಅವನು ತಿದ್ದುತ್ತಲೇ ಇದ್ದ, ಯಾರೂ ಕೇಳುತ್ತಿರಲಿಲ್ಲ.

ಇನ್ನು ಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ದಿನಾ ಹತ್ತಾರು ಜನರ ಮೂಳೆ ನೋಡಿ ನೋಡಿ, ಎದುರಿಗೆ ಬಂದವರ ಮುಖ ಕಾಣುವ ಮೊದಲು ಅಸ್ಥಿಪಂಜರ ಕಾಣುವಂತಾಗಿತ್ತು ಅವಳಿಗೆ. "ನಿನ್ನ ಮಂಡಿ ಒಳಗಡೆ ಹೇಗಿದೆ ಅಂತ ನಾನು ನೋಡಿದ್ದೀನಮ್ಮಾ. ಬೀದಿ ಬೀದಿ ತಿರುಗಿದ್ದು ಸಾಕು. ಮನೇಲೇ ಒಂದು ಮೋಟರ್ ಇಟ್ಕೊಂಡು ಕೂತ್ಕೋ, ಬೇಕಾದವರು ಬರ್ತಾರೆ" ಅಂತ ವಾರಕ್ಕೊಮ್ಮೆಯಾದರೂ ಶುರು ಮಾಡುತ್ತಿದ್ದಳು. ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಒಳಗೊಳಗೇ ಒಂದು ಅಳುಕಿತ್ತು. ಗಾಡಿ ಕೈಕೊಟ್ಟರೆ ಇವರಿಗೆ ನೆಪ ಸಿಕ್ಕಿಬಿಡುತ್ತದೆ. ನಾಲ್ಕು ಗೋಡೆ, ಒಂದು ಕುರ್ಚಿ, ಗೋಡೆ ನೋಡುತ್ತಾ ಚಾಕು ಉಜ್ಜುವುದು. ಅದನ್ನು ನೆನೆಸಿಕೊಂಡರೇ ಅಕ್ಕನಿಗೆ ಉಸಿರು ಕಟ್ಟುತ್ತಿತ್ತು.

ಆ ಸೋಮವಾರ ಗಾಡಿ ಕೈಕೊಟ್ಟೇಬಿಟ್ಟಿತು. ಏರು ಹತ್ತುವಾಗ ನೀಲಿ ಹೊಗೆ ಕಾರಿ, ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ಕು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅಕ್ಕನ ವ್ಯಾನಿನ ಹೊಟ್ಟೆಯೊಳಗೆ ಕೈ ಹಾಕುವ ಹಕ್ಕು ಊರಲ್ಲಿ ಇವನೊಬ್ಬನಿಗೇ. ಒಳ್ಳೆಯವ, ಕೆಲಸದಲ್ಲಿ ನಿಪುಣ, ಆದರೆ ಅಕ್ಕನನ್ನು ಕಂಡರೆ ಪುಕ್ಕಲು. ಅವನು ಇಂಜಿನ್ನು ಬಿಚ್ಚುವಷ್ಟರಲ್ಲಿ ಅಕ್ಕ, ಕೈಯಲ್ಲಿದ್ದ ಕೆಲಸ ಯಾಕೆ ನಿಲ್ಲಬೇಕು ಅಂತ, ಸಾಣೆ ಹಿಡಿದಿಟ್ಟಿದ್ದ ಕತ್ತರಿಗಳನ್ನು ಕ್ಷೌರದಂಗಡಿಗೆ ಕೊಟ್ಟು ಬರಲು ನಡೆದೇ ಹೊರಟಳು. ಮೊಬೈಲು ಎಂದಿನಂತೆ ಮನೆಯಲ್ಲಿತ್ತು.

ಆ ಹೊತ್ತಿಗೆ ಮನೆಯಲ್ಲಿ ಏನಾಯಿತು ಅನ್ನುವುದು ಅಕ್ಕನಿಗೆ ತಿಳಿದದ್ದು ಆರು ದಿನ ಆದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನನ್ನ ಹೊಟ್ಟೆಯಲ್ಲಿ ಇಂಥದ್ದೆಲ್ಲಾ ನಿಲ್ಲುವುದಿಲ್ಲ.

ಮೆಕ್ಯಾನಿಕ್ಕು ಮನೆಗೆ ಫೋನು ಮಾಡಿದ. ಭಾವ ಎತ್ತಿಕೊಂಡ. "ಭಾವಾ, ಅಕ್ಕಂಗೆ ಹೇಳ್ಬಿಡಿ. ಪೂರ್ತಿ ಬೋರ್‌ಗೆ ಬಂದಿದೆ. ಇನ್ನು ಎಳೆಯಲ್ಲ. ಮೂವತ್ತು ವರ್ಷ ಎಳೆದಿದ್ದೇ ಹೆಚ್ಚು. ಬದಲಾಯಿಸೋದೇ ಒಳ್ಳೇದು."

ಗ್ಯಾರೇಜಿನ ಭಾಷೆಯಲ್ಲಿ ಬೋರ್‌ಗೆ ಬರುವುದು ಅಂದರೆ ಇಂಜಿನ್ನಿನ ಸಿಲಿಂಡರು ಒಳಗೆ ಸವೆದುಹೋಗಿದೆ, ಕೊರೆಸಿ ಸರಿಮಾಡಬೇಕು ಅಂತ. ಆಟೋದವರನ್ನು ಕೇಳಿ, ಲಾರಿಯವರನ್ನು ಕೇಳಿ, ಯಾರಾದರೂ ಹೇಳುತ್ತಾರೆ. ಭಾವನೊಬ್ಬನಿಗೆ ಗೊತ್ತಿರಲಿಲ್ಲ. ಮೇಲಾಗಿ "ಹೇಳ್ಬಿಡಿ" ಅನ್ನುವ ಹೊತ್ತಿಗೆ ಸರಿಯಾಗಿ ಗ್ಯಾರೇಜಿನಲ್ಲಿ ಯಾರೋ ಸುತ್ತಿಗೆ ಬಡಿದಿದ್ದರು. ಭಾವನ ಕಿವಿಗೆ ಬಿದ್ದದ್ದು "ಅಕ್ಕಂಗೆ ಪೂರ್ತಿ ಬೋರ್‌ಗೆ ಬಂದಿದೆ" ಅಂತ. ಛೆ, ಎಂಥ ವ್ಯಾಕರಣ ಅಂದುಕೊಂಡ. ಅಕ್ಕನಿಗೊಂದು 'ಗೆ', ಬೋರಿಗೊಂದು 'ಗೆ'. ಒಂದು ಹೆಚ್ಚಾಯಿತು. ಎರಡನೇ 'ಗೆ'ಯನ್ನು ಮನಸ್ಸಿನಲ್ಲೇ ಹೊಡೆದುಹಾಕಿದ. ಬೋರ್ ಅನ್ನುವ ಬೆರಕೆ ಮಾತು ಬೇರೆ ಯಾಕೆ ಅಂತ ಅದನ್ನೂ ತೆಗೆದ. ಕೊನೆಗೆ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದದ್ದು: "ಆಕೆಗೆ ಪೂರ್ತಿ ಬೇಸರ ಬಂದಿದೆ. ಇನ್ನು ಎಳೆಯಲಾರಳು. ಮೂವತ್ತು ವರ್ಷ ಎಳೆದದ್ದೇ ಹೆಚ್ಚು. ಬದಲಾಯಿಸುವುದು ಒಳ್ಳೆಯದು."

ಬರೆದದ್ದನ್ನು ಓದಿಕೊಂಡ. ಒಂದು ತಪ್ಪೂ ಇರಲಿಲ್ಲ. ಪೆನ್ಸಿಲ್ಲನ್ನು ಕಿವಿಯ ಮೇಲೆ ಇಡುವುದು ಮಾತ್ರ ಮರೆತ.

ಇತ್ತ ಅಕ್ಕ ಗ್ಯಾರೇಜಿಗೆ ವಾಪಸು ಬಂದಾಗ ಮೆಕ್ಯಾನಿಕ್ಕು ವಿಷಯ ತಿಳಿಸಿದ. "ಎರಡು ಸಲ ಬೋರ್ ಮಾಡಿಸಿ ಆಗಿದೆ ಅಕ್ಕಾ. ಇನ್ನೊಂದು ಸಲ ಕೊರೆಯೋಕೆ ಒಳಗೆ ಗೋಡೇನೇ ಉಳಿದಿಲ್ಲ. ಬೇರೆ ಇಂಜಿನ್ನೇ ಕೂರಿಸ್ಬೇಕು."

"ಕೂರಿಸೋಣ. ಆದ್ರೆ ನೋಡು ತಮ್ಮಾ, ಮನೇಲಿ ಯಾರಿಗೂ ಬಾಯಿ ಬಿಡ್ಬೇಡ. ಇಂಜಿನ್ ಹೋಯ್ತು ಅಂತ ಗೊತ್ತಾದ್ರೆ ನನ್ನನ್ನ ಕುರ್ಚಿಗೆ ಕಟ್ಟಿಹಾಕ್ತಾರೆ. ಬಿಟ್ಟೆಯೋ, ನಿನ್ನ ನಾಲಿಗೆಗೇ ಸಾಣೆ ಹಿಡೀತೀನಿ."

ಆಗಲೇ ಭಾವನಿಗೆ ಫೋನು ಮಾಡಿದೆ ಅನ್ನುವ ಮಾತು ಮೆಕ್ಯಾನಿಕ್ಕಿನ ಗಂಟಲವರೆಗೆ ಬಂದು, ಅಕ್ಕನ ಮುಖ ನೋಡಿ, ಹಾಗೇ ಹಿಂದಕ್ಕೆ ಹೋಯಿತು. "ಆಯ್ತಕ್ಕಾ" ಅಂದ.

ಮನೆಗೆ ಬಂದು ಅಕ್ಕ "ಏನೋ ಸಣ್ಣ ರಿಪೇರಿ, ನಾಲ್ಕು ದಿನ ಹಿಡಿಯುತ್ತೆ" ಅಂತ ಹಾರಿಸಿದಳು. ಭಾವ ಅವಳ ಮುಖವನ್ನೇ ನೋಡುತ್ತಾ ಕಾಫಿ ಲೋಟ ಕೈಗಿಟ್ಟ. ತಾನೇ ಮಾಡಿದ್ದ. ಸಕ್ಕರೆಯನ್ನೇ ಮರೆತಿದ್ದ.

"ಏನೇ, ನಿನಗೆ... ಬೇಸರ ಗೀಸರ ಏನಾದ್ರೂ?" ಅಂತ ತಡವರಿಸಿದ.

"ಅಯ್ಯೋ, ಬೇಸರ ಬಂದು ಮೂವತ್ತು ವರ್ಷ ಆಯ್ತಲ್ರೀ, ನಿಮ್ಮ ಮುಖ ನೋಡಿ ನೋಡಿ!" ಅಕ್ಕ ನಕ್ಕು ಸ್ನಾನಕ್ಕೆ ಹೋದಳು. ಅವಳ ಮಟ್ಟಿಗೆ ಅದು ದಿನದ ಹತ್ತು ತಮಾಷೆಗಳಲ್ಲಿ ಒಂದು. ಭಾವ ಮಾತ್ರ ನಗಲಿಲ್ಲ. ಚೀಟಿ ತೆಗೆದು ಮಗಳಿಗೆ ತೋರಿಸಿದ. ಮಗಳು ಓದಿ, "ಪಾಪ, ಅಮ್ಮ ನಮ್ಮ ಹತ್ರ ಹೇಳ್ಕೊಳ್ಳೋಕಾಗದೆ ಮೆಕ್ಯಾನಿಕ್ ಹತ್ರ ಹೇಳ್ಕೊಂಡಿದ್ದಾಳೆ ನೋಡಪ್ಪಾ" ಅಂತ ಕಣ್ಣು ಒರೆಸಿಕೊಂಡಳು. ಆಗಲೇ ಇಬ್ಬರೂ ಸೇರಿ ತೀರ್ಮಾನ ಮಾಡಿಬಿಟ್ಟರು. ಅಮ್ಮನಿಗೆ ಗೊತ್ತಾಗದ ಹಾಗೆ ಎಲ್ಲಾ ಸಿದ್ಧಮಾಡಿ, ಭಾನುವಾರ ತೋರಿಸುವುದು ಅಂತ.

ಅಲ್ಲಿಂದ ಆ ಮನೆಯಲ್ಲಿ ಕಳ್ಳರದ್ದೇ ಸಂಸಾರ. ಭಾವ ಮುಂದಿನ ಕೋಣೆಯ ನಿಘಂಟುಗಳನ್ನು ಒಂದೊಂದಾಗಿ ಒಳಗೆ ಸಾಗಿಸುತ್ತಿದ್ದ. ಯಾಕೆ ಅಂದರೆ "ಗೆದ್ದಲು ನೋಡ್ತಿದ್ದೀನಿ" ಅನ್ನುತ್ತಿದ್ದ. ಮಗಳು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದಳು, "ಪರದೆಗೆ" ಅಂತ. ಬೇರೆ ದಿನವಾಗಿದ್ದರೆ ಅಕ್ಕ ಇಬ್ಬರನ್ನೂ ನಿಲ್ಲಿಸಿ ಬಾಯಿ ಬಿಡಿಸುತ್ತಿದ್ದಳು. ಆದರೆ ಅವಳದ್ದೇ ಹೊಟ್ಟೆಯಲ್ಲಿ ಗುಟ್ಟಿತ್ತಲ್ಲ, ಕಂಡೂ ಕಾಣದ ಹಾಗೆ ಓಡಾಡಿದಳು. ಒಂದೇ ಒಂದು ವಿಷಯ ಅವಳಿಗೆ ಕಸಿವಿಸಿ ಮಾಡಿತು. ಭಾವನ ಗೊರಕೆ ನಿಂತುಹೋಗಿತ್ತು. ಮೂವತ್ತು ವರ್ಷ ಆ ಗೊರಕೆಯನ್ನು ಬೈದು ಬೈದೇ ನಿದ್ದೆ ಹೋದವಳಿಗೆ ಈಗ ಮನೆ ಬಿಕೋ ಅನ್ನಿಸಿ ಕಣ್ಣೇ ಹತ್ತುತ್ತಿರಲಿಲ್ಲ.

ಬುಧವಾರ ಮೆಕ್ಯಾನಿಕ್ಕನ್ನು ಕರೆದುಕೊಂಡು ಅಕ್ಕ ಗುಜರಿಗೆ ಹೋದಳು. ಹಳೇ ಗಾಡಿಗಳನ್ನು ಕೊಂಡು ಬಿಚ್ಚಿ ಮಾರುವ ದೊಡ್ಡ ಅಂಗಳ ಅದು. ಒಂದು ಕಡೆ ಬಾಗಿಲುಗಳ ಸಾಲು, ಇನ್ನೊಂದು ಕಡೆ ಸ್ಟೀರಿಂಗುಗಳ ರಾಶಿ, ತಗಡಿನ ಸೂರಿನ ಕೆಳಗೆ ಇಂಜಿನ್ನುಗಳು. ಗುಜರಿಯ ಯಜಮಾನ ಬಾಯಿಬಡುಕ. ಅಕ್ಕ ಮೊದಲೇ ಹೇಳಿದಳು: "ನನಗೆ ಓಡೋ ಇಂಜಿನ್ ಬೇಡ. ನಿಂತಲ್ಲೇ ಚೆನ್ನಾಗಿರೋ ಇಂಜಿನ್ ಬೇಕು."

ಅವನು ಅರ್ಥವಾಗದೆ ತಲೆ ಕೆರೆದುಕೊಂಡು, ದೊಡ್ಡದೊಂದು ಡೀಸೆಲ್ ಇಂಜಿನ್ನಿಗೆ ಬ್ಯಾಟರಿ ಸಿಕ್ಕಿಸಿ ಚಾಲು ಮಾಡಿದ. ಅದು ಅಬ್ಬರಿಸಿತು. "ಕೇಳಿ ಅಕ್ಕಾ, ಹುಲಿ!"

"ಹುಲಿ ತಗೊಂಡು ನಾನೇನು ಸರ್ಕಸ್ ಮಾಡ್ಲಾ?" ಅಕ್ಕ ಒಂದು ಸ್ಟೀಲಿನ ಲೋಟದಲ್ಲಿ ನೀರು ತರಿಸಿ ಇಂಜಿನ್ನಿನ ತಲೆಯ ಮೇಲೆ ಇಟ್ಟಳು. ಲೋಟ ಕುಣಿದು ಕುಣಿದು ಅವನ ಚಪ್ಪಲಿಯ ಮೇಲೇ ಬಿತ್ತು. "ಇದರಲ್ಲಿ ಸಾಣೆ ಹಿಡಿದ್ರೆ ಚಾಕು ಗರಗಸ ಆಗುತ್ತೆ. ಮುಂದೆ ನಡಿ."

ಎರಡನೆಯದು ಹೊಸ ಕಾಲದ್ದು. ಎಲ್ಲವನ್ನೂ ಒಂದು ಕಂಪ್ಯೂಟರ್ ಡಬ್ಬಿ ನೋಡಿಕೊಳ್ಳುತ್ತದೆ. ಸದ್ದೇ ಇಲ್ಲ, ಲೋಟದ ನೀರು ಅಲುಗಲಿಲ್ಲ. ಮೆಕ್ಯಾನಿಕ್ಕಿನ ಕಣ್ಣು ಅರಳಿತು. ಅಕ್ಕ ಒಂದು ಮರದ ತುಂಡನ್ನು ತಿರುಗುವ ಚಕ್ರಕ್ಕೆ ಮೆಲ್ಲಗೆ ಒತ್ತಿದಳು, ಕಲ್ಲಿನ ಮೇಲೆ ಚಾಕು ಒತ್ತಿದ ಹಾಗೆ. ಭಾರ ಬಿದ್ದದ್ದೇ ತಡ, ಇಂಜಿನ್ನು ತಾನಾಗಿಯೇ ವೇಗ ಏರಿಸಿತು. ತೆಗೆದಳು, ಇಳಿಸಿತು. ಒತ್ತಿದಳು, ಮತ್ತೆ ಏರಿಸಿತು.

"ಇದು ಬಲೇ ಜಾಣ ಇಂಜಿನ್ ಅಕ್ಕಾ, ನಾವು ಹೇಳೋದೇ ಬೇಡ, ತಾನೇ ತಿಳ್ಕೊಳ್ಳುತ್ತೆ" ಅಂದ ಗುಜರಿಯವ.

"ನಾನು ಹೇಳೋ ಮುಂಚೆ ತಾನೇ ತಿಳ್ಕೊಳ್ಳೋರು ಮನೇಲಿ ಇಬ್ಬರಿದ್ದಾರಪ್ಪಾ, ಮೂರನೆಯದು ಬೇಡ" ಅಂದಳು ಅಕ್ಕ. ಆ ಮಾತು ಎಷ್ಟು ನಿಜ ಅಂತ ಅವಳಿಗಾದರೂ ಎಲ್ಲಿ ಗೊತ್ತಿತ್ತು!

ಬಿಸಿಲು ಏರಿತು. ಆರು ಇಂಜಿನ್ನು ನೋಡಿಯಾಯಿತು, ಯಾವುದೂ ಒಪ್ಪಲಿಲ್ಲ. ಅಕ್ಕನ ಮಂಡಿ ನೋಯುತ್ತಿತ್ತು. ಒಂದು ಹಳೇ ಟೈರಿನ ಮೇಲೆ ಕುಕ್ಕರಿಸಿದಳು. ಮೊದಲ ಸಲ ಅವಳಿಗೆ ನಿಜವಾಗಿ ಭಯವಾಯಿತು. ಇಲ್ಲಿ ಸಿಗದಿದ್ದರೆ ಊರಲ್ಲಿ ಇನ್ನೆಲ್ಲೂ ಸಿಗದು. ಆಗ ಆ ಕುರ್ಚಿಯೇ ಗತಿ.

ಗುಜರಿಯವನಿಗೂ ರೋಸಿಹೋಗಿತ್ತು. "ಅಲ್ಲಾ ಅಕ್ಕಾ, ಕೊನೆಗೆ ನಿಮಗೆ ಬೇಕಾಗಿರೋದಾದ್ರೂ ಎಂಥದ್ದು, ಅದನ್ನಾದ್ರೂ ಹೇಳಿ."

ಅಕ್ಕ ಯೋಚಿಸಿದಳು. "ನಮ್ಮನೆಯವರ ಗೊರಕೆ ಥರ ಇರ್ಬೇಕು" ಅಂದಳು. "ಜೋರಿಲ್ಲ, ಅವಸರ ಇಲ್ಲ, ಒಂದೇ ಸಮ. ಪಕ್ಕದಲ್ಲಿ ಕೂತವರಿಗೆ, ಸರಿ, ಎಲ್ಲಾ ಇದ್ದ ಹಾಗೇ ಇದೆ ಅನ್ನಿಸ್ಬೇಕು."

ಮೆಕ್ಯಾನಿಕ್ಕು ಕಿಸಕ್ಕನೆ ನಕ್ಕ. ಗುಜರಿಯವ ನಗಲಿಲ್ಲ. ಮೂಲೆಯಲ್ಲಿ ಟಾರ್ಪಾಲು ಹೊದಿಸಿದ್ದ ಒಂದು ಸಣ್ಣ ಇಂಜಿನ್ನಿನ ಕಡೆ ನೋಡಿ, "ಒಂದಿದೆ. ಆದ್ರೆ ಯಾರೂ ತಗೊಳ್ಳಲ್ಲ. ಹೆಣದ ಗಾಡೀದು" ಅಂದ.

ಮೆಕ್ಯಾನಿಕ್ಕು ಎರಡು ಹೆಜ್ಜೆ ಹಿಂದೆ ಸರಿದ. "ಬೇಡಕ್ಕಾ!"

"ಯಾಕೋ? ಅದರಲ್ಲಿ ಹೋದವರು ಯಾರಾದ್ರೂ ವಾಪಸು ಬಂದು ಗಾಡಿ ಸರಿಯಿಲ್ಲ ಅಂತ ದೂರು ಕೊಟ್ರಾ? ತೆಗೆಯೋ ಟಾರ್ಪಾಲು."

ಚಾಲು ಮಾಡಿದರು. ಗುರ್... ಗುರ್... ಗುರ್... ಲೋಟದ ನೀರಲ್ಲಿ ಸಣ್ಣ ಉಂಗುರಗಳು ಎದ್ದವು, ಅಷ್ಟೇ. ಅಕ್ಕ ಮರದ ತುಂಡು ಒತ್ತಿದಳು. ಇಂಜಿನ್ನು ಒಂದಿಷ್ಟು ದನಿ ತಗ್ಗಿಸಿತೇ ಹೊರತು ಲಯ ಬಿಡಲಿಲ್ಲ. ಅಂಗೈಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಣದ ಗಾಡಿಯದಲ್ಲವೇ, ಆಯುಸ್ಸಿಡೀ ಒಮ್ಮೆಯೂ ಅವಸರ ಮಾಡಿರಲಿಲ್ಲ. ಕಣ್ಣೀರಿಡುವವರು ಹಿಂದೆ ನಡೆದು ಬರುವಾಗ ಅವರ ಹೆಜ್ಜೆಗೆ ಹೆಜ್ಜೆ ಹಾಕಿ, ಮನೆ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು ಕಾದ ಇಂಜಿನ್ನು ಅದು. ಹೆಚ್ಚು ಸವೆದೂ ಇರಲಿಲ್ಲ. ವ್ಯಾನಿನದೇ ಕಂಪನಿಯದ್ದು, ಬೋಲ್ಟಿನ ತೂತುಗಳೂ ತಾಳೆಯಾದವು.

"ಇಷ್ಟು ದಿನ ಅಳೋರ ಮುಂದೆ ಓಡಾಡಿದೆ. ಇನ್ನು ಮೇಲೆ ನಗೋರ ಮುಂದೆ ಓಡಾಡು" ಅಂತ ಅಕ್ಕ ಅದರ ಬೆನ್ನು ತಟ್ಟಿದಳು.

ಭಾನುವಾರ ಮಧ್ಯಾಹ್ನ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ ಹೊಸ ಇಂಜಿನ್ನಿನ ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿದಳು. ಗೆದ್ದಾಯಿತು, ಇನ್ನು ಹೇಳಿಬಿಡುತ್ತೇನೆ ಅಂತ ಇಳಿದವಳು ಬಾಗಿಲಲ್ಲೇ ನಿಂತಳು. ಗೋಡೆಗೆ ಒಂದು ಹೊಸ ಬೋರ್ಡು ಒರಗಿಸಿತ್ತು. ಭಾವನೇ ಕೈಯಾರೆ ಬರೆದದ್ದು. 'ಇಲ್ಲಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯಲಾಗುವುದು.' ಮುಂದಿನ ಕೋಣೆ ಗುಡಿಸಿ ಸಾರಿಸಿದ ಹಾಗೆ ಖಾಲಿ. ನಡುವೆ ಹಸಿರು ಬಣ್ಣದ ಕರೆಂಟಿನ ಸಾಣೆ ಮೋಟರು. ಅದರ ಮುಂದೆ ಮೆತ್ತೆ ಹಾಕಿದ ಕುರ್ಚಿ.

ಅದೇ ಕುರ್ಚಿ.

"ಅಮ್ಮಾ, ಹೇಗಿದೆ?" ಅಂತ ಮಗಳು ಓಡಿ ಬಂದಳು. "ಇನ್ನು ನೀನು ಎಲ್ಲೂ ತಿರುಗೋದು ಬೇಡ. ವ್ಯಾನು ತಗೊಂಡು ಹೋಗೋಕೂ ಹೇಳಿದ್ದೀನಿ, ಈಗ ಬರ್ತಾರೆ."

ಅವಳ ಮಾತು ಮುಗಿಯುವ ಮುಂಚೆಯೇ ಗಾಡಿ ಎಳೆಯುವ ಲಾರಿಯೊಂದು ಬಂದು ನಿಂತು, ಅದರಿಂದ ಗುಜರಿಯ ಯಜಮಾನ ಇಳಿದ. ವ್ಯಾನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ವ್ಯಾನು ನೋಡಿದ. "ಏನಕ್ಕಾ ಇದು? ಬುಧವಾರ ಕೊಟ್ಟ ಇಂಜಿನ್ನ ಭಾನುವಾರ ನಾನೇ ವಾಪಸು ತಗೊಂಡು ಹೋಗ್ಬೇಕಾ? ನಿಮ್ಮನೇಲಿ ಒಬ್ಬರಿಗೊಬ್ಬರು ಮಾತಾಡಲ್ವಾ?"

ಅಕ್ಕ ಮಗಳ ಕಡೆ ತಿರುಗಿದಳು.

"ಯಾರು ಹೇಳಿದ್ದು ನನಗೆ ತಿರುಗೋದು ಬೇಡ ಅಂತ?" ಅಕ್ಕ ಬೋರ್ಡಿನ ಕಡೆ ಬೆರಳು ತೋರಿಸಿದಳು. "ಯಾರನ್ನ ಕೇಳಿ ನನ್ನ ವ್ಯಾನು ಕೊಟ್ರಿ?"

ಭಾವ ಜೇಬಿನಿಂದ ಚೀಟಿ ತೆಗೆದು ಕೊಟ್ಟ. ಅಕ್ಕ ಓದಿದಳು. "ಬೇಸರ? ನನಗಾ? ಯಾವ ಹಡಬೆ ಹೇಳಿದ್ದು?"

ಎಲ್ಲರ ಕಣ್ಣೂ ಮೆಕ್ಯಾನಿಕ್ಕಿನ ಮೇಲೆ ಬಿತ್ತು. ಅವನು ಚೀಟಿ ಇಸಿದುಕೊಂಡು ಎರಡು ಸಲ ಓದಿ ತಲೆ ಚಚ್ಚಿಕೊಂಡ. "ಅಯ್ಯೋ ಭಾವಾ! ಬೋರ್‌ಗೆ ಬಂದಿದ್ದು ಇಂಜಿನ್ನು! ಅಕ್ಕಂಗಲ್ಲ! ನನ್ನ 'ಗೆ' ಎಲ್ಲಿ ಹೋಯ್ತು?"

"ಹೊಡೆದುಹಾಕಿದೆ" ಅಂದ ಭಾವ, ಸಣ್ಣ ದನಿಯಲ್ಲಿ. "ಒಂದು ಹೆಚ್ಚಾಗಿದೆ ಅನ್ನಿಸ್ತು."

ಮೊದಲು ನಕ್ಕವನು ಗುಜರಿಯವ. ಆಮೇಲೆ ಮಗಳು, ಆಮೇಲೆ ಮೆಕ್ಯಾನಿಕ್ಕು. ಅಕ್ಕ ನಗಲು ಹೋದವಳು ನಡುವಲ್ಲೇ ನಿಲ್ಲಿಸಿದಳು. ಭಾವ ನಗುತ್ತಿರಲಿಲ್ಲ.

"ಆರು ದಿನದಿಂದ ನನಗೆ ನಿದ್ದೆ ಇಲ್ಲ ಕಣೇ" ಅಂದ. "ಊರಿನವರ ತಪ್ಪೆಲ್ಲಾ ಕಾಣುತ್ತೆ ಈ ಕಣ್ಣಿಗೆ. ಪಕ್ಕದಲ್ಲಿ ಇರೋಳು ಬೇಸತ್ತು ಹೋಗಿದ್ದು ಕಾಣ್ಲಿಲ್ವಲ್ಲ ಅಂತ."

ಅಕ್ಕನಿಗೆ ಈಗ ತಿಳಿಯಿತು ಗೊರಕೆ ಯಾಕೆ ನಿಂತಿತ್ತು ಅಂತ. ಕಣ್ಣು ತುಂಬಿ ಬಂತು, ಅದನ್ನು ಅಡಗಿಸಲೂ ಹೋಗಲಿಲ್ಲ. "ರೀ, ಇಂಜಿನ್ ಹೋಯ್ತು ಅಂತ ಮುಚ್ಚಿಟ್ಟಿದ್ದು ನನ್ನ ತಪ್ಪು. ಹೇಳಿದ್ರೆ ನೀವೆಲ್ಲಾ ಸೇರಿ ಇಲ್ಲಿ ಕೂರಿಸ್ತೀರ ಅಂತ ಹೆದರಿಕೆ ಆಯ್ತು. ನನಗೆ ಬೀದಿ ಬೇಕು. ಹತ್ತು ಬಾಗಿಲಲ್ಲಿ ಹತ್ತು ಮುಖ ನೋಡಿದ್ರೇನೇ ನನಗೆ ದಿನ ಆದ ಹಾಗೆ. ಬೇಸರ ಬಂದ ದಿನ ನಾನೇ ಹೇಳ್ತೀನಿ, ನಿಮ್ಮ ಹತ್ರಾನೇ ಹೇಳ್ತೀನಿ. ಸಾಕಾ?"

ಭಾವ ಒಳಗೆ ಹೋಗಿ ಕೆಂಪು ಬಣ್ಣದ ಡಬ್ಬಿ, ಕುಂಚ ತಂದ. ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲನೇ ಪದದ ಮೇಲೆ ಒಂದು ಗೆರೆ ಎಳೆದು, ಕೊನೆಗೆ ಕೊಕ್ಕೆಯ ಹಾಗೆ ಸುತ್ತಿದ. ಛಾಪಖಾನೆಯಲ್ಲಿ ಈ ಪದ ಬೇಡ, ತೆಗೆಯಿರಿ ಅನ್ನುವುದಕ್ಕೆ ಹಾಕುವ ಗುರುತು ಅದು. ಗೆರೆ ಬಿದ್ದದ್ದು 'ಇಲ್ಲಿ' ಎಂಬುದರ ಮೇಲೆ.

ಬೋರ್ಡನ್ನು ಎತ್ತಿಕೊಂಡು ಹೋಗಿ ವ್ಯಾನಿನ ಪಕ್ಕಕ್ಕೆ ತಾನೇ ಬಿಗಿದ.

ಹಸಿರು ಮೋಟರು ಮಳೆ ಬಂದ ದಿನಕ್ಕಿರಲಿ ಅಂತ ಉಳಿಯಿತು. ಕುರ್ಚಿಯ ಮೆತ್ತೆ ವ್ಯಾನಿನ ಸೀಟಿಗೆ ಬಂತು, ಮಂಡಿಗಳನ್ನು ತಿಂಗಳಿಗೊಮ್ಮೆ ತೋರಿಸಬೇಕು ಅಂತ ಮಗಳು ಮಾತು ತೆಗೆದುಕೊಂಡಳು. ಗುಜರಿಯವ ಬರಿಗೈಯಲ್ಲಿ ಹೋಗುವುದು ಯಾಕೆ ಅಂತ ತನ್ನ ಮನೆಯ ಎರಡು ಮೊಂಡು ಚಾಕುಗಳಿಗೆ ಸಾಣೆ ಹಿಡಿಯಲು ಹೇಳಿ ಹೋದ.

ಸೋಮವಾರ ಬೆಳಗ್ಗೆ ಅಕ್ಕ ಹೊರಟಾಗ ಪಕ್ಕದ ಸೀಟಿನಲ್ಲಿ ಭಾವ ಬಂದು ಕೂತಿದ್ದ. "ಒಂದು ದಿನ ನೋಡೋಣ ಅಂತ" ಅಂದ. ಮೊದಲನೇ ಬೀದಿಯಲ್ಲಿ ಗಾಡಿ ನಿಲ್ಲಿಸಿ ಅಕ್ಕ ಹಿಡಿ ಎಳೆದಳು. ಕಲ್ಲು ಸುತ್ತಿತು. ದರ್ಜಿಯ ಹೆಂಡತಿ ಕತ್ತರಿ ತಂದಳು, ಅಲಗು ಬೆಳ್ಳಗೆ ಹೊಳೆದು ಬಂತು, ಅಂಚಿನಲ್ಲಿ ನೀಲಿಯ ಸುಳಿವಿಲ್ಲ. ಕೆಲಸ ಮುಗಿಸಿ ಅಕ್ಕ ಮುಂದೆ ಹೋಗಿ ಕೀಲಿ ತಿರುಗಿಸಿ ಇಂಜಿನ್ನು ಆರಿಸಿ ಬಂದಳು.

ದರ್ಜಿಯ ಹೆಂಡತಿ ಕಿವಿಗೊಟ್ಟು ನಿಂತಳು. "ಅಕ್ಕಾ, ಹೊಸ ಇಂಜಿನ್ ಇನ್ನೂ ಓಡ್ತಾನೇ ಇದೆಯಲ್ಲಾ?"

ಗುರ್... ಗುರ್... ಗುರ್... ಸದ್ದು ಮುಂದಿನ ಸೀಟಿನಿಂದ ಬರುತ್ತಿತ್ತು. ಆರು ದಿನದ ನಿದ್ದೆ ಒಟ್ಟಿಗೇ ಬಂದಿತ್ತು ಪಾಪ.

"ಅದು ಹೊಸದಲ್ಲ ತಾಯಿ, ನಮ್ಮ ಹಳೇದೇ" ಅಂದಳು ಅಕ್ಕ. "ಅದನ್ನ ಮಾತ್ರ ಆರಿಸೋಕೆ ಹೋಗ್ಬೇಡ."